ಹುಣಸೆಗುಂಡಿಯ ಏಳು ಹೆಂಗಸರು

ನಾಗಲಿಂಗಪ್ಪ ಆ ಕಥೆ ತೆಗೆದನೆಂದರೆ ಹೆಂಡತಿ ಗುರುಸಿದ್ದಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅಲ್ಲಿ ಕೆಲಸ ಇರಲಿ ಬಿಡಲಿ, ನಲ್ಲಿ ತಿರುಗಿಸಿ ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆಯುತ್ತಿದ್ದಳು.

೧೯೭೩ರ ಯುಗಾದಿಗೆ ಅಮೆರಿಕಾದ ಫ್ಲಶಿಂಗಿನಲ್ಲಿದ್ದ ಡಾಕ್ಟರ್ ದಿವಾಕರ ಅವರ ಅಪಾರ್ಟ್‌ಮೆಂಟಿನಲ್ಲೂ ಹಾಗೇ ಆಯಿತು. ಹತ್ತು ಹನ್ನೆರಡು ಕನ್ನಡದ ಸಂಸಾರಗಳು ಸೇರಿದ್ದವು. ಊಟ ಮುಗಿದು ಗಂಡಸರು ಕಾರ್ಪೆಟ್ಟಿನ ಮೇಲೆ ಕಾಲು ಚಾಚಿದಾಗ ದಿವಾಕರ, "ನಾಗಲಿಂಗಪ್ಪನೋರೇ, ನಿಮ್ಮ ರಜಾಕಾರರ ಕಥೆ ಹೇಳಿ. ನಮ್ಮನೆಯೋರು ಕೇಳೇ ಇಲ್ಲ" ಎಂದರು.

ನಾಗಲಿಂಗಪ್ಪನಿಗೆ ಅಷ್ಟು ಸಾಕಾಗಿತ್ತು.

"ನಲವತ್ತೆಂಟನೇ ಇಸ್ವಿ. ನಮ್ಮ ರಾಯಚೂರು ಸೀಮಿ ಇನ್ನೂ ನಿಜಾಮನ ಕೈಯಾಗಿತ್ತು. ನಂಗ ಇಪ್ಪತ್ತೊಂದು. ತುಂಗಭದ್ರಿ ಆಚಿ ದಂಡಿಮ್ಯಾಲೆ, ಬಳ್ಳಾರಿ ಕಡಿಗೆ, ನಮ್ಮ ಶಿಬಿರ. ಈಚಿ ದಂಡಿಗೆ ಹುಣಸೆಗುಂಡಿ, ನಮ್ಮಾಕಿ ತವರೂರು. ರಜಾಕಾರರ ಕಾಟ ತಾಳಲಾರದ ಮಂದೀನ ಹರಿಗೋಲಿನಾಗ ದಾಟಿಸಿಕೊಂಡು ಬರೋದು ನಮ್ಮ ಕೆಲಸ. ಒಂದಿನ ಅಂಬಿಗನೂ ಸೇರಿ ಹನ್ನೆರಡು ಮಂದಿ ಹೊಂಟೀವಿ. ನಡುಹೊಳ್ಯಾಗ ಅಂಬಿಗರ ಗಣಪತಿ ಹರಿಗೋಲು ಗಕ್ಕನ ತಿರುಗಿಸಿಬಿಟ್ಟ. ಯಾಕೋ ಅಂದ್ರ ಮಾತಿಲ್ಲ. ನಾವು ಹೊಳ್ಳಿ ದಂಡಿ ಮುಟ್ಟೂದ್ರಾಗ ಹುಣಸೆಗುಂಡಿ ದಂಡಿಮ್ಯಾಲೆ ಬಂದೂಕು ಹಿಡದು ಮೂವತ್ತು ಮಂದಿ ನಿಂತಿದ್ರು! ಗಣಪತಿ ಮೂಗಿಗೆ ಅಪಾಯದ ವಾಸನಿ ಬಡೀತಿತ್ತು ನೋಡ್ರಿ. ಅವ ಇರಲಿಲ್ಲಂದ್ರ ನಾ ಇಲ್ಲಿ ಹೋಳಿಗಿ ತಿನ್ನಾಕ ಇರ್ತಿರಲಿಲ್ಲ."

ಎಲ್ಲರೂ ತಲೆದೂಗಿದರು. ಅಡುಗೆಮನೆಯಲ್ಲಿ ಗುರುಸಿದ್ದಮ್ಮ ನಲ್ಲಿಯ ನೀರನ್ನು ಇನ್ನಷ್ಟು ಜೋರಾಗಿ ಬಿಟ್ಟಳು.

ನಾಗಲಿಂಗಪ್ಪನ ಸಂಸಾರ ಹ್ಯಾರಿಸನ್ ಎಂಬ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ನಾಗಲಿಂಗಪ್ಪ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಎರಡು ಮಹಡಿಯ ಹಳೆಯ ಮರದ ಮನೆಯ ಮೇಲಿನ ಭಾಗ ಬಾಡಿಗೆಗೆ ಹಿಡಿದಿದ್ದರು. ಗುರುಸಿದ್ದಮ್ಮ ಮೂಲೆಯ ಡ್ರೈ ಕ್ಲೀನರ್ ಅಂಗಡಿಯವರಿಗೆ ಪ್ಯಾಂಟಿನ ಕಾಲು ಮಡಿಚಿ ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆ ಎಷ್ಟು ಒಪ್ಪವಾಗಿರುತ್ತಿತ್ತೆಂದರೆ, ಅಂಗಡಿಯವನು ತನ್ನ ಮಗಳ ಮದುವೆಯ ಗೌನನ್ನೂ ಅವಳ ಕೈಗೇ ಕೊಟ್ಟಿದ್ದ. ಮಾತು ಮಾತ್ರ ಕಡಿಮೆ. ಕನ್ನಡದವರು ಸೇರಿದಲ್ಲಿ ಅವಳನ್ನು "ನಾಗಲಿಂಗಪ್ಪನವರ ಮಿಸೆಸ್, ಪಾಪ ಬಹಳ ಮೆದು" ಎಂದು ಎಲ್ಲರೂ ಮೆಚ್ಚುತ್ತಿದ್ದರು. ಹದಿಮೂರು ವರ್ಷದ ಮಗಳು ನಿರುಪಮಾ ಕೂಡ, ಅವ್ವನಿಗೆ ಅಡುಗೆ, ಹೊಲಿಗೆ, ಪೂಜೆ ಬಿಟ್ಟು ಇನ್ನೇನೂ ಗೊತ್ತಿಲ್ಲ ಎಂದೇ ತಿಳಿದಿದ್ದಳು.

ಜೂನ್ ತಿಂಗಳಲ್ಲಿ ಒಂದು ಏರ್‌ಮೇಲ್ ಕಾಗದ ಬಂತು. ಹುಣಸೆಗುಂಡಿಯ ಬಸಲಿಂಗಮ್ಮ ಶಾಲೆಯ ಮಾಸ್ತರರಿಂದ ಬರೆಸಿದ್ದು. ಬಸಲಿಂಗಮ್ಮ, ಗುರುಸಿದ್ದಮ್ಮ ಓರಗೆಯವರು, ಒಂದೇ ಓಣಿಯವರು.

"ಗುರುಸಿದ್ದವ್ವಗ ಶರಣು," ಎಂದಿತ್ತು ಕಾಗದ. "ಶೈಲಮ್ಮ ಹೋದ ವರ್ಷ ಲಿಂಗೈಕ್ಯಳಾದಳು. ಈ ಸೆಪ್ಟೆಂಬರಿಗೆ ನಿಜಾಮ ಶರಣಾಗಿ ಇಪ್ಪತ್ತೈದು ವರ್ಷ ಆಗತೈತಿ ಅಂತ ಪಂಚಾಯ್ತಿಯವರು ಚಾವಡಿ ಮುಂದ ಕಲ್ಲು ನೆಡತಾರ. ಊರು ಕಾಯ್ದವರ ಹೆಸರು ಕೊರಸ್ತಾರ. ಹನ್ನೆರಡೂ ಗಂಡಸರ ಹೆಸರು. ನಿನ್ನ ಗಂಡನ ಹೆಸರೂ ಐತಿ, ಸಂತೋಷ. ನಮ್ಮ ಏಳು ಮಂದೀದು ಒಂದೂ ಇಲ್ಲ. ನಾ ಹೋಗಿ ಕೇಳಿದೆ. ನೀವೇನು ಮಾಡಿದ್ರಿ ಅಂತ ನಕ್ಕರು. ನಾಲ್ಕು ಮಂದಿ ಸತ್ತಾರ. ಉಳಿದವರು ನಾನು, ನೀನು, ಹುಸೇನಬಿ. ಸಾಕ್ಷಿ ಹೇಳಾಕ ಅಂಬಿಗರ ಗಣಪತಿನೂ ಈಗಿಲ್ಲ. ನನ್ನ ಮಾತು ಯಾರೂ ಕೇಳಂಗಿಲ್ಲ. ನೀ ಅಮೆರಿಕಾದಿಂದ ಸರಕಾರಿ ಶಿಕ್ಕಾ ಹಾಕಿಸಿ ಕಾಗದ ಕಳಿಸಿದರ ಇವರು ಕುಂತು ಓದ್ತಾರ. ಆಣಿ ಮುರಿಯೋದು ನಿನಗ ಬಿಟ್ಟದ್ದು. ನಾ ಮುರಿದೀನಿ."

ಗುರುಸಿದ್ದಮ್ಮ ಕಾಗದವನ್ನು ಮಡಿಚಿ ಹೊಲಿಗೆ ಯಂತ್ರದ ಡ್ರಾವರಿನಲ್ಲಿಟ್ಟಳು. ಆ ದಿನ ಹೊಲಿದ ಮೂರು ಪ್ಯಾಂಟುಗಳ ಕಾಲು ಹೆಚ್ಚುಕಡಿಮೆಯಾಗಿ, ಬಿಚ್ಚಿ ಮತ್ತೆ ಹೊಲಿದಳು.

ಆಣೆ ಇಟ್ಟದ್ದು ಆ ಏಳು ಮಂದಿಗೂ ಹಿರಿಯಳಾದ ಶೈಲಮ್ಮನ ಪಡಸಾಲೆಯಲ್ಲಿ. ಲಿಂಗವಂತರ ಹೆಂಗಸರು ಅಂಗೈ ಮೇಲೆ ಲಿಂಗವಿಟ್ಟುಕೊಂಡು, ಹುಸೇನಬಿ ಕುರಾನಿನ ಮೇಲೆ ಕೈಯಿಟ್ಟು: ಅಪ್ಪನಿಗಾಗಲಿ, ಗಂಡನಿಗಾಗಲಿ, ಹೊಟ್ಟೆಯಲ್ಲಿ ಹುಟ್ಟಿದವರಿಗಾಗಲಿ ಸಾಯುವತನಕ ಹೇಳುವುದಿಲ್ಲ. ಗುರುಸಿದ್ದಮ್ಮನಿಗೆ ಆಗ ಹದಿನಾರು. ಇಪ್ಪತ್ತೈದು ವರ್ಷ ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿರಲಿಲ್ಲ.

ಮೂರು ದಿನ ಬೆಳಿಗ್ಗೆ ಪೂಜೆಗೆ ಕೂತಾಗ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಅದನ್ನೇ ಯೋಚಿಸಿದಳು. ಆಗ ಬಾಯಿಬಿಟ್ಟಿದ್ದರೆ ಊರಿಗೆ ಬೆಂಕಿ ಬೀಳುತ್ತಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಯಾರು ಉಳಿಯುತ್ತಾರೆ? ಶೈಲಮ್ಮ ಬದುಕಿದ್ದರೆ ಏನೆನ್ನುತ್ತಿದ್ದಳು? ಶೈಲಮ್ಮ ಯಾವುದನ್ನೂ ಉಪಯೋಗವಿಲ್ಲದೆ ಇಟ್ಟುಕೊಂಡವಳಲ್ಲ, ಹರಿದ ಚಿಂದಿಯನ್ನೂ ಕೌದಿಗೆ ಹಚ್ಚುತ್ತಿದ್ದಳು. ನಾಲ್ಕನೆಯ ದಿನ ಗುರುಸಿದ್ದಮ್ಮ ಲಿಂಗಕ್ಕೆ ಹಣೆ ಹಚ್ಚಿ, "ತಪ್ಪಾದರ ನನ್ನ ತಲಿಮ್ಯಾಲೆ ಇರಲಿ" ಎಂದು ಮೆಲ್ಲಗೆ ಹೇಳಿ ಎದ್ದಳು.

ಬೇಸಿಗೆಯ ರಜೆ. ನಿರುಪಮಾ ಟಿವಿ ಮುಂದೆ ಕೂತಿದ್ದಳು. ಆ ತಿಂಗಳೆಲ್ಲ ಹಗಲು ಹೊತ್ತಿನಲ್ಲಿ ವಾಟರ್‌ಗೇಟ್ ವಿಚಾರಣೆ. ದೊಡ್ಡ ದೊಡ್ಡ ಮನುಷ್ಯರು ಬಲಗೈ ಎತ್ತಿ ಪ್ರಮಾಣ ಮಾಡಿ, ಆಮೇಲೆ ನೆನಪಿಲ್ಲ ಎನ್ನುತ್ತಿದ್ದರು.

"ನೀರೂ, ಹೀಂಗ ಕೈ ಎತ್ತಿ ಹೇಳಿದ್ದನ್ನ ಕಾಗದದ ಮ್ಯಾಲೆ ಬರದು ಕೊಡೋದಕ್ಕ ಏನಂತಾರ?"

"ಅಫಿಡವಿಟ್. ವೈ?"

"ನಂಗ ಒಂದು ಬೇಕಾಗೇದ. ನಿಮ್ಮಪ್ಪನ ಟೈಪ್‌ರೈಟರ್ ತಗೊಂಡು ಬಾ. ನಾ ಹೇಳ್ತೀನಿ, ನೀ ಇಂಗ್ಲಿಷಿನಾಗ ಹೊಡಿ."

ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಬಂದು ಕೂತಿತು. ಗುರುಸಿದ್ದಮ್ಮ ಎದುರಿಗೆ ಕೂತು, ಸೆರಗು ಸರಿಮಾಡಿಕೊಂಡು, ಮೊದಲಿನಿಂದ ಹೇಳತೊಡಗಿದಳು.

ಶೈಲಮ್ಮ ಕೌದಿ ಹೊಲಿಯುವ ವಿಧವೆ. ಕೌದಿ ಹೊಲಿಯಲು ಬರ್ರಿ ಎಂದು ಆರು ಹೆಂಗಸರನ್ನು ಮಧ್ಯಾಹ್ನದ ಹೊತ್ತು ಮನೆಗೆ ಕರೆಯುತ್ತಿದ್ದಳು. ಕೌದಿಯೂ ಬೆಳೆಯುತ್ತಿತ್ತು, ಒಳಗಿನ ಕೆಲಸವೂ ನಡೆಯುತ್ತಿತ್ತು. ಪಕ್ಕದ ಊರಿನಲ್ಲಿ ಠಾಣ್ಯ ಹಾಕಿದ್ದ ರಜಾಕಾರರು ಅವರಲ್ಲೊಬ್ಬಳಾದ ಹುಸೇನಬಿಯನ್ನು ತಮಗೆ ರೊಟ್ಟಿ ಬಡಿಯಲು ಹಚ್ಚಿದ್ದರು. ಬೇಡವೆಂದರೆ ಗಂಡನನ್ನು ಬಡಿಯುತ್ತೇವೆ ಎಂದಿದ್ದರು. ಅವಳು ಒಲೆಯ ಮುಂದೆ ಕೂತು, ನಾಳೆ ಯಾವ ಊರಿಗೆ ಹೊರಟಿದ್ದಾರೆ, ಎಷ್ಟು ಮಂದಿ ಎಂಬುದನ್ನು ಕೇಳಿಸಿಕೊಂಡು ಬರುತ್ತಿದ್ದಳು. ಅದನ್ನು ಹೊಳೆಯಾಚೆ ತಿಳಿಸಬೇಕು. ಅದಕ್ಕೆ ಬಟ್ಟೆ. ಹೊಳೆಯ ದಂಡೆಯ ದೊಡ್ಡ ಬಂಡೆಯ ಮೇಲೆ ಬಿಳಿ ಧೋತರ ಹರವಿದರೆ ಬರಬಹುದು. ಕೆಂಪು ಸೀರೆ ಹರವಿದರೆ ಬರಬೇಡಿ. ಗುರುತು ಗೊತ್ತಿದ್ದ ಗಂಡಸು ಒಬ್ಬನೇ, ಅಂಬಿಗರ ಗಣಪತಿ. ಶಿಬಿರದ ಹುಡುಗರು ಸಿಕ್ಕಿಬಿದ್ದು ಹೊಡೆತ ತಿಂದರೆ ಬಾಯಿಬಿಟ್ಟಾರೆಂದು ಶೈಲಮ್ಮ ಅವರಿಗೆ ತಿಳಿಸಗೊಡಲಿಲ್ಲ.

ನಿರುಪಮಾ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ವೇಟ್, ಅವ್ವಾ. ವೇಟ್. ಇದು ನೀನಾ? ಯೂ ಡಿಡ್ ದಿಸ್?"

"ಹೊಡಿ ನೀನು. ಇನ್ನೂ ಐತಿ."

ಆ ದಿನ ಕಾರಹುಣ್ಣಿಮೆ ಕಳೆದು ಒಂದು ವಾರ. ಹೊಳೆಗೆ ಹೊಸ ನೀರು ಬಂದಿತ್ತು. ಬೆಳಿಗ್ಗೆ ಬಸಲಿಂಗಮ್ಮ ಬಿಳಿ ಧೋತರ ಹರವಿ ಬಂದಿದ್ದಳು. ಮಧ್ಯಾಹ್ನ ಹೇಳದೆ ಕೇಳದೆ ರಜಾಕಾರರು ಊರು ಹೊಕ್ಕರು. ಹೆಂಗಸರು ಬಾಗಿಲು ಹಾಕಿಕೊಂಡರು. ಹರಿಗೋಲು ಬರುವ ಹೊತ್ತಾಗುತ್ತಿತ್ತು. ಆಗ ಹಿತ್ತಲ ಗೋಡೆಯಾಚೆಯಿಂದ ಹುಸೇನಬಿಯ ದನಿ: "ಗುರುಸಿದ್ದಿ, ಕೆಂಪ ಸೀರಿ ತಾ. ಬುಟ್ಟಿ ನೀ ಹೊರು. ಕೇಳಿದರ ನನ್ನ ಮಗಳಂತೀನಿ."

ಕುಂಕುಮ ಒರೆಸಿಕೊಂಡು ಗುರುಸಿದ್ದಮ್ಮ ಹಿತ್ತಲು ದಾಟಿದಳು. ಕೆಂಪು ಸೀರೆ ಬುಟ್ಟಿಯ ತಳಕ್ಕೆ, ಮೇಲೆ ಪಕ್ಕದ ಮನೆಯ ಬಾಣಂತಿಯ ಬಟ್ಟೆಗಳು. ಊರ ಹೆಬ್ಬಾಗಿಲು ಅಗಸಿಯಲ್ಲಿ ಬಂದೂಕಿನವನೊಬ್ಬ ತಡೆದ. ಬುಟ್ಟಿಯಲ್ಲಿ ಏನು ಎಂದ. ಹುಸೇನಬಿ ಬುಟ್ಟಿಯನ್ನೇ ಅವನ ಮೂಗಿನ ಹತ್ತಿರ ಹಿಡಿದು, "ಹಡದಾಕಿ ಅರಿವಿ. ನೋಡತೀಯೇನು? ಬಿಚ್ಚಿ ತೋರಸ್ಲಿ?" ಎಂದಳು. ಅವನು ಮುಖ ಸಿಂಡರಿಸಿ ಸರಿದುಕೊಂಡ.

ಹೊಳೆಯ ದಂಡೆಗೆ ಬಂದಾಗ ಹರಿಗೋಲು ನಡುನೀರಿನಲ್ಲಿತ್ತು. ಗುರುಸಿದ್ದಮ್ಮ ಅವಸರದಲ್ಲಿ ಹರವಲು ಹೋಗಿ ಸೀರೆಯ ಒಂದು ಸೆರಗು ಗಾಳಿಗೆ ಹಾರಿ ನೀರಿಗೆ ಬಿತ್ತು. ಹುಸೇನಬಿ ಮೊಣಕಾಲುದ್ದ ನೀರಿಗಿಳಿದು ಎಳೆದು, ಬಂಡೆಯ ಮೇಲಿದ್ದ ಬಿಳಿ ಧೋತರ ಮುಚ್ಚುವಂತೆ ಹರವಿ, ಮೇಲೆ ಕಲ್ಲು ಹೇರಿದಳು. ಹರಿಗೋಲು ತಿರುಗಿತು. ಹಿಂದೆಯೇ ಬಂದೂಕಿನವರು ಬಂದು ದಂಡೆಯ ಮೇಲೆ ನಿಂತರು. ಇಬ್ಬರೂ ತಲೆ ಎತ್ತಲಿಲ್ಲ. ಹೊತ್ತು ಇಳಿಯುವತನಕ ಆ ಬಾಣಂತಿಯ ಬಟ್ಟೆಗಳನ್ನೇ ಮತ್ತೆ ಮತ್ತೆ ಒಗೆದರು.

"ಆಮ್ಯಾಲೆ ಸೆಪ್ಟೆಂಬರಿನಾಗ ಹಿಂದೂಸ್ತಾನದ ದಂಡು ಬಂತು, ನಿಜಾಮ ಶರಣಾದ," ಎಂದಳು ಗುರುಸಿದ್ದಮ್ಮ. "ರಜಾಕಾರರು ಓಡಿಹೋದ್ರು. ಮಂದಿ ಸಿಟ್ಟು ಏನೂ ಮಾಡದ ಸಾಬರ ಮ್ಯಾಲೆ ತಿರುಗಿತು. ಇಕಿ ಅವರಿಗೆ ರೊಟ್ಟಿ ಬಡದಾಕಿ ಅಂತ ಹುಸೇನಬಿ ಮನಿಗೆ ಬೆಂಕಿ ಹಚ್ಚಾಕ ಬಂದ್ರು. ನಾವು ಆಕೀನ, ಆಕಿ ಗಂಡನ್ನ, ಎರಡು ಮಕ್ಕಳನ್ನ ಶೈಲಮ್ಮನ ಹಗೇವಿನಾಗ ಹನ್ನೊಂದು ದಿವಸ ಮುಚ್ಚಿಟ್ಟಿವಿ. ಜೋಳ ಇಡೋ ತಗ್ಗಿನಾಗ. ಖರೇ ಹೇಳಿದರ ಯಾರೂ ನಂಬೋ ಹೊತ್ತಲ್ಲ ಅದು. ಆಮ್ಯಾಲೆ ಗಣಪತಿ ಹರಿಗೋಲಿನಾಗ ದಾಟಿಸಿದ. ಆಕಿ ಮತ್ತ ಊರಿಗೆ ಬರಲಿಲ್ಲ. ಇದನ್ನೂ ಬರಿ. ಮೊದಲನೇದ್ದಕ್ಕಿಂತ ಇದನ್ನ ಸ್ವಚ್ಛ ಬರಿ."

ನಿರುಪಮಾ ಬರೆದಳು. ಎರಡು ಸಲ ಮೂಗು ಒರೆಸಿಕೊಂಡಳು, ಒಂದು ಹಾಳೆ ಕೆಟ್ಟು ಮತ್ತೆ ಹಾಕಿದಳು. ಟಿವಿ ತನ್ನಷ್ಟಕ್ಕೆ ಮಾತಾಡುತ್ತಲೇ ಇತ್ತು.

ಐದೂವರೆಗೆ ನಾಗಲಿಂಗಪ್ಪ ಬಂದ. ಟೈಪ್‌ರೈಟರಿನಲ್ಲಿದ್ದ ಹಾಳೆಯನ್ನು ಬಗ್ಗಿ ನೋಡಿದ, ಆಮೇಲೆ ಪಕ್ಕದಲ್ಲಿದ್ದವನ್ನೂ ತೆಗೆದುಕೊಂಡು, ಶೂ ಕಳಚದೆ ನಿಂತಲ್ಲೇ ಓದಿದ.

"ಇದು ಯಾರ ಕಥಿ?"

"ನಮ್ಮದು," ಎಂದಳು ಗುರುಸಿದ್ದಮ್ಮ.

ಅವನು ಕುರ್ಚಿ ಎಳೆದು ಕೂತ. "ಗಣಪತಿ..." ಎಂದು ಶುರುಮಾಡಿ, ಹಾಳೆಗಳನ್ನು ಮೇಜಿನ ಮೇಲಿಟ್ಟ. "ಇಪ್ಪತ್ತೆರಡು ವರ್ಷ ಸಂಸಾರ ಮಾಡೀವಿ. ನಾ ಈ ಕಥಿ ಎಷ್ಟು ಮಂದಿ ಮುಂದ ಹೇಳೀನಿ! ನೀ ಒಳಗ ನಿಂತು ಕೇಳ್ತಿದ್ದಿ" ಎಂದ.

"ಆಣಿ ಇತ್ತು."

"ಒಳಗೊಳಗ ನಗ್ತಿದ್ದಿ ಏನು?"

"ಇಲ್ರೀ. ಆ ಹರಿಗೋಲಿನಾಗ ನೀವಿದ್ರಿ ಅಂತ ನಂಗ ಗೊತ್ತಾಗಿದ್ದು ಮದುವ್ಯಾದ ಮ್ಯಾಲೆ, ನೀವು ಹೇಳಿದಾಗ. ಪ್ರತಿ ಸಲ ನೀವು ಆ ಕಥಿ ಹೇಳಿದಾಗೂ, ಈ ಮನಷ್ಯಾ ಉಳಕೊಂಡು ಬಂದು ಹೇಳಾಕತ್ಯಾನಲ್ಲ ಅನಸ್ತಿತ್ತು. ಅಳು ಬರ್ತಿತ್ತು. ಅದಕ್ಕ ಎದ್ದು ಹೋಗ್ತಿದ್ದೆ."

ನಾಗಲಿಂಗಪ್ಪ ಎರಡು ದಿನ ಆ ಹಾಳೆಗಳ ಕಡೆ ತಿರುಗಿಯೂ ನೋಡಲಿಲ್ಲ. ಉಂಡ, ಕೆಲಸಕ್ಕೆ ಹೋದ, ಬಂದ. ಅವನಿಗೆ ಸಿಟ್ಟೋ ನಾಚಿಕೆಯೋ ಎಂದು ಗುರುಸಿದ್ದಮ್ಮನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಶನಿವಾರ ಬೆಳಿಗ್ಗೆ ಅವನು ಕಾರಿನ ಬೀಗದ ಕೈ ಹಿಡಿದುಕೊಂಡು ಬಂದು, "ನಡಿ, ನೋಟರಿ ಕಡಿಗೆ ಹೋಗಿ ಬರೂಣು. ಮಧ್ಯಾಹ್ನ ಬಂದ್ ಮಾಡ್ತಾರ" ಎಂದ.

ನೋಟರಿ ಮಾರ್ಗರೆಟ್ ಎಂಬವಳು, ಹ್ಯಾರಿಸನ್ ಅವೆನ್ಯೂದ ಇನ್ಶೂರೆನ್ಸ್ ಆಫೀಸೊಂದರಲ್ಲಿ ಕೆಲಸ ಮಾಡುವ, ಅರವತ್ತು ದಾಟಿದ ದಪ್ಪ ಹೆಂಗಸು. ಸಹಿ ಮಾತ್ರ ನೋಡಿದರೆ ಸಾಕು, ಓದಬೇಕೆಂದೇನೂ ಇರಲಿಲ್ಲ. ಮೊದಲನೆಯ ಸಾಲಿನ ಮೇಲೆ ಕಣ್ಣು ಬಿದ್ದದ್ದೇ ಕನ್ನಡಕ ಹಾಕಿಕೊಂಡು ಮೂರೂ ಹಾಳೆ ಓದಿದಳು. ಹೊರಗೆ ಕಾಯುತ್ತಿದ್ದವರು ಕೆಮ್ಮಿದರೂ ತಲೆ ಎತ್ತಲಿಲ್ಲ.

"ಈ ಹುಸೇನಬಿ ಈಗ ಎಲ್ಲಿದ್ದಾಳೆ?" ಎಂದು ಕೇಳಿದಳು.

ನಾಗಲಿಂಗಪ್ಪ ಮುಂದೆ ಬಾಗಿ ವಿವರಿಸಲು ಹೊರಟ. ಮಾರ್ಗರೆಟ್ ಕೈ ಎತ್ತಿ ತಡೆದಳು. "ನಾನು ಕೇಳಿದ್ದು ಇವರನ್ನು, ಸರ್."

"ಶೀ ಇಸ್ ಇನ್ ಗಂಗಾವತಿ," ಎಂದಳು ಗುರುಸಿದ್ದಮ್ಮ. "ಸನ್ ಹ್ಯಾಸ್ ಸೈಕಲ್ ಶಾಪ್. ಶೀ ಇಸ್ ಗುಡ್."

"ಒಳ್ಳೇದು," ಎಂದಳು ಮಾರ್ಗರೆಟ್. "ಬಲಗೈ ಎತ್ತಿ."

ಗುರುಸಿದ್ದಮ್ಮ ಬಲಗೈ ಎತ್ತಿದಳು. ಎಡಗೈ ತಾನಾಗಿಯೇ ಎದೆಯ ಮೇಲಿನ ಲಿಂಗವನ್ನು ಹಿಡಿಯಿತು. ಸಹಿಯನ್ನು ಕನ್ನಡದಲ್ಲಿ ಮಾಡಬಹುದೇ ಎಂದು ಜೊತೆಗೆ ಬಂದಿದ್ದ ನಿರುಪಮಾ ಕೇಳಿದಳು. ನಿಮ್ಮ ಸಹಿ ಯಾವುದೋ ಅದನ್ನೇ ಮಾಡಿ ಎಂದಳು ಮಾರ್ಗರೆಟ್. ಶಿಕ್ಕಾವನ್ನು ಒಂದಕ್ಕಲ್ಲ, ಮೂರೂ ಹಾಳೆಗಳಿಗೆ ಗಟ್ಟಿಯಾಗಿ ಒತ್ತಿದಳು.

ಆಗಸ್ಟಿನಲ್ಲಿ ಪಂಚಾಯ್ತಿಯಿಂದ ಉತ್ತರ ಬಂತು. ಬಸಲಿಂಗಮ್ಮ ಹೇಳಿದಂತೆಯೇ ಅವರು ಕೂತು ಓದಿದ್ದರು. ಆರು ಹೆಂಗಸರ ಹೆಸರು ಸೇರಿಸಲು ಒಪ್ಪಿಗೆ. ಏಳನೆಯದು, ಹುಸೇನಬಿಯದು, ಬೇಡ, ಊರಲ್ಲಿ ಗದ್ದಲವಾಗುತ್ತದೆ.

"ಹಂಗಾದ್ರ ನಮ್ಮವೂ ಬ್ಯಾಡ," ಎಂದಳು ಗುರುಸಿದ್ದಮ್ಮ. ದನಿ ಏರಿಸಲಿಲ್ಲ. ಕಾಗದವನ್ನು ಗಂಡನ ಕಡೆ ಸರಿಸಿ ಹೊಲಿಗೆ ಯಂತ್ರದ ಮುಂದೆ ಕೂತಳು.

ಆ ವಾರ ನಾಗಲಿಂಗಪ್ಪ ಕಾರ್ಖಾನೆಯಿಂದ ಬಂದವನೇ ಮೇಜಿಗೆ ಕೂತು ಕಾಗದ ಬರೆದ. ಹನ್ನೆರಡು ಮಂದಿಯಲ್ಲಿ ಅವನೂ ಸೇರಿ ಒಂಬತ್ತು ಜನ ಬದುಕಿದ್ದರು. ಉಳಿದ ಎಂಟೂ ಜನಕ್ಕೆ ಒಂದೊಂದು. "ನಾವು ಹರಿಗೋಲಿನಾಗ ಸುಮ್ಮನ ಕುಂತಿದ್ವಿ. ಉಳಿಸಿದಾಕಿ ಬಂಡೆಗಲ್ಲಿನ ಮ್ಯಾಲೆ ನಿಂತಿದ್ಲು. ಆಕಿ ಹೆಸರು ಇಲ್ಲದ ಕಲ್ಲಿನ ಮ್ಯಾಲೆ ನನ್ನ ಹೆಸರು ಬ್ಯಾಡ ಅಂತ ಪಂಚಾಯ್ತಿಗೆ ಬರದೀನಿ. ನೀವೂ ವಿಚಾರ ಮಾಡ್ರಿ." ಕೊನೆಯ ಕಾಗದಕ್ಕೆ ಅಂಟು ಹಚ್ಚುತ್ತ, "ಅಮರೇಶ್ವರ ಒಬ್ಬ ಹಟಮಾರಿ. ಅವ ಬರಂಗಿಲ್ಲ" ಎಂದ.

ಅಮರೇಶ್ವರನೇ ಮೊದಲು ಬಂದನಂತೆ. ಗಂಗಾವತಿಯಿಂದ ಬಸ್ಸು ಹಿಡಿದು ಹುಣಸೆಗುಂಡಿಗೆ ಹೋಗಿ ಚಾವಡಿ ಕಟ್ಟೆಯ ಮೇಲೆ ಕೂತನಂತೆ. ಮರುದಿನ ಇನ್ನಿಬ್ಬರು. ವಾರದೊಳಗೆ ಆರು ಜನ ಮುದುಕರಾಗುತ್ತಿದ್ದ ಗಂಡಸರು ಅಲ್ಲಿ ಕೂತು, ಹೋಗಿಬರುವವರಿಗೆಲ್ಲ ಕೆಂಪು ಸೀರೆಯ ಕಥೆ ಹೇಳಿದರಂತೆ. ಅವರಿಗೆ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದವಳು ಬಸಲಿಂಗಮ್ಮ. ಈ ಗೊಂದಲದಲ್ಲಿ ಸೆಪ್ಟೆಂಬರ್ ಕಳೆದೇಹೋಯಿತು. ಕಲ್ಲು ನಿಂತದ್ದು ನವೆಂಬರಿನಲ್ಲಿ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವಾರ. ಡಿಸೆಂಬರಿನಲ್ಲಿ ಫೋಟೋ ಬಂತು. ಹತ್ತೊಂಬತ್ತು ಹೆಸರುಗಳು, ವಯಸ್ಸಿನ ಪ್ರಕಾರ. ಶೈಲಮ್ಮನದು ಮೊದಲು, ಎರಡನೆಯದು ಹುಸೇನಬಿ. ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಗುರುಸಿದ್ದಮ್ಮನದು ಎಲ್ಲಕ್ಕಿಂತ ಕೆಳಗೆ, ಅರ್ಧ ಹುಲ್ಲಿನಲ್ಲಿ ಮುಚ್ಚಿಕೊಂಡಿತ್ತು. ನಿರುಪಮಾ ಆ ಫೋಟೋವನ್ನು ಶಾಲೆಗೆ ಒಯ್ದು, ಎರಡು ದಿನ ವಾಪಸ್ಸೇ ತರಲಿಲ್ಲ.

ಮರುವರ್ಷ ಕ್ರಿಸ್‌ಮಸ್ ರಜೆಗೆ ಮೂವರೂ ಊರಿಗೆ ಹೋದರು. ಗಂಗಾವತಿಯಲ್ಲಿ ಸೈಕಲ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹುಸೇನಬಿ ಅಂಗಡಿಯ ಹಿಂದಿನ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಗುರುಸಿದ್ದಮ್ಮನನ್ನು ನೋಡಿ ಮೊರ ಬದಿಗಿಟ್ಟು, ಎರಡೂ ಕೈಯಿಂದ ಅವಳ ಮುಖ ಸವರಿದಳು. ಆಮೇಲೆ ನಿರುಪಮಾಳನ್ನು ಹತ್ತಿರ ಕೂಡಿಸಿಕೊಂಡಳು.

ವಿಮಾನದುದ್ದಕ್ಕೂ ಅಭ್ಯಾಸ ಮಾಡಿದ ಕನ್ನಡದಲ್ಲಿ ನಿರುಪಮಾ ಕೇಳಿದಳು: "ಆಂಟಿ, ಆವತ್ತು ನಿಮಗೆ ಹೆದರಿಕೆ ಆಯ್ತಾ?"

"ಆಗದ ಇರತೈತೇನವ್ವಾ!" ಎಂದಳು ಹುಸೇನಬಿ. "ಅದಕ್ಕಿಂತ ಹೆಚ್ಚಿಗಿ ಒಂದು ಚಿಂತಿ ಇತ್ತು. ಸಣ್ಣ ಕೂಸನ್ನ ಮಲಗಿಸಿ ಬಂದಿದ್ದೆ. ಎದ್ದು ಅಳತೈತೇನೋ ಅಂತ."

ಕಲ್ಲನ್ನು ಅವಳು ನೋಡಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಆ ಊರಿಗೆ ಕಾಲಿಟ್ಟಿರಲಿಲ್ಲ. ಮಗ ಕರೆದಿದ್ದ, ಬೇಡವೆಂದಿದ್ದಳು. ಈಗ ಗುರುಸಿದ್ದಮ್ಮ, "ನಾನೂ ಬರ್ತೀನಿ. ಜೋಡಿ ಹೋಗೂಣು" ಎಂದಾಗ ಆರಿಸಿದ ಅಕ್ಕಿಯನ್ನು ಡಬ್ಬಿಗೆ ಸುರಿದಳು. ಆಮೇಲೆ ಎದ್ದು, ಪೆಟ್ಟಿಗೆಯಿಂದ ಒಗೆದು ಮಡಿಚಿಟ್ಟ ಸೀರೆ ತೆಗೆದಳು.

ಹುಣಸೆಗುಂಡಿಯ ಅಗಸಿಯಲ್ಲಿ ಟ್ಯಾಕ್ಸಿ ನಿಂತಾಗ ಅವಳು ಒಂದು ಕ್ಷಣ ಇಳಿಯಲಿಲ್ಲ. ಹೊರಗೆ ನಾಲ್ಕಾರು ಮಂದಿ ಸೇರಿದ್ದರು, ಅವಳಿಗೆ ಗುರುತಿಲ್ಲದ ಹೊಸ ತಲೆಮಾರಿನವರು. ಅವರನ್ನು ತಳ್ಳಿಕೊಂಡು ಬಸಲಿಂಗಮ್ಮ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಕಾರಿನ ಬಾಗಿಲು ತೆಗೆದು, ಹುಸೇನಬಿಯ ರಟ್ಟೆ ಹಿಡಿದು ಎಳೆದಳು.

"ಎಷ್ಟೊತ್ತು ಕಾಯೋದು ನಿಮಗ? ಒಲಿಮ್ಯಾಲೆ ಹಂಚು ಕಾದು ಕುಂತೈತಿ. ಬರ್ರಿ ಒಳಗ, ಕಲ್ಲು ಎಲ್ಲಿ ಓಡಿಹೋಗತೈತಿ? ಮೊದಲ ಉಣ್ಣೂಣು."